‘ಸುಮ್ನೆ ಮನೇಲೇ ಇವ್ನಿ’ ಅನ್ನುವವರ ಕೆಲಸ



ರಾಸು ವಿಮೆಯ ಶಿಬಿರ ನಡೆದಾಗಲೆಲ್ಲ ಅರ್ಜಿ ತುಂಬಿಸಲು ನಾನೂ ಒಂದು ಕುರ್ಚಿ ಎಳೆದುಕೊಂಡು ಕೂರುತ್ತೇನೆ. ಹೆಸರು, ಗಂಡನ ಹೆಸರು, ಹಸುವಿನ ಕಿವಿಯೋಲೆಯ 12 ಅಂಕಿ, ಬಣ್ಣ, ಕೊಂಬಿನ ಗುರುತು, ಎಷ್ಟನೇ ಕರು, ಎಲ್ಲವೂ ಪಟಪಟನೆ ಬರುತ್ತದೆ. ‘ನೀವೇನು ಕೆಲಸ ಮಾಡ್ತೀರಮ್ಮ?’ ಎಂದು ಕೇಳಿದ ಕೂಡಲೇ ಮಾತು ನಿಲ್ಲುತ್ತದೆ. ಅಕ್ಕಪಕ್ಕ ನೋಡಿ, ಸ್ವಲ್ಪ ನಕ್ಕು, ‘ಏನೂ ಇಲ್ಲ ಕಣವ್ವ, ಸುಮ್ನೆ ಮನೇಲೇ ಇವ್ನಿ’ ಅನ್ನುತ್ತಾರೆ. ಅಂಗೈಯಲ್ಲಿ ಹಸಿ ಹುಲ್ಲು ಕೊಯ್ದ ಕಲೆ ಇನ್ನೂ ಆರಿರುವುದಿಲ್ಲ.

ಒಮ್ಮೆ ಅಂಥ ಒಬ್ಬ ಅಕ್ಕನ ಜೊತೆ ಕೂತು ಅರ್ಜಿಯ ಹಿಂಬದಿಯಲ್ಲೇ ಲೆಕ್ಕ ಹಾಕಿದೆ. ಅವರ ಕೊಟ್ಟಿಗೆಯಲ್ಲಿ ಎರಡು ಸೀಮೆ ಹಸು. ಒಂದೊಂದಕ್ಕೆ ದಿನಕ್ಕೆ 25 ಕೆಜಿ ಹಸಿ ಮೇವು ಎಂದರೂ ವರ್ಷಕ್ಕೆ 18 ಟನ್ನಿನ ಮೇಲಾಯಿತು. ಒಂದು ಲಾರಿ ಹೊರೆಯನ್ನು ಆ ಹೆಣ್ಣುಮಗಳು ತಲೆಯ ಮೇಲೆ ಹೊತ್ತು ಬದುವಿನ ಮೇಲೆ ನಡೆದಿದ್ದಾರೆ. ವರ್ಷಕ್ಕೆ 305 ದಿನದ ಕರಾವು ಹಿಡಿದರೆ ಎರಡು ಹಸುವಿಗೆ ಎರಡು ಹೊತ್ತು, 1,220 ಸಲ ಕುಕ್ಕರಗಾಲಲ್ಲಿ ಕೂತು ಹಾಲು ಕರೆದಿದ್ದಾರೆ. ನೀರು, ಸಗಣಿ, ಗಂಜಲ, ಕರುವಿನ ಬಾಟಲಿ, ಉಣ್ಣೆ ಕೀಳುವುದು, ರಾತ್ರಿ ಎದ್ದು ಒಮ್ಮೆ ನೋಡಿ ಬರುವುದು ಇವನ್ನು ನಾನು ಸೇರಿಸಲಿಲ್ಲ, ಹಾಳೆ ಸಾಲಲಿಲ್ಲ. ಅಕ್ಕ ಹಾಳೆಯನ್ನೇ ನೋಡುತ್ತಾ, ‘ಇಷ್ಟೊಂದಾ? ನಾನಾ?’ ಅಂದರು. ಅರ್ಜಿಯ ಉದ್ಯೋಗದ ಜಾಗದಲ್ಲಿ ‘ಹೈನುಗಾರಿಕೆ’ ಎಂದು ಬರೆದೆ.

ಆದರೆ ಲೆಕ್ಕ ಹಾಕಿದ ಮಾತ್ರಕ್ಕೆ ಮಾತು ಮುಗಿಯುವುದಿಲ್ಲ. ಇದು ನನಗೆ ಅರ್ಥವಾದದ್ದು ಇನ್ನೊಂದು ಊರಿನಲ್ಲಿ, ಬಿ.ಕಾಂ. ಓದಿ ಮದುವೆಯಾಗಿ ಬಂದಿದ್ದ ಒಬ್ಬ ಹುಡುಗಿಯಿಂದ. ಬಂಜೆತನ ತಪಾಸಣೆ ಶಿಬಿರದ ದಿನ ಹಸು ಹಿಡಿದುಕೊಂಡು ಸರದಿಯಲ್ಲಿ ನಿಂತಿದ್ದಳು. ಅತ್ತೆಗೆ ಮಂಡಿ ನೋವು. ಎಲ್ಲ ಗೇಯ್ಮೆ ಅವಳದೇ. ನಾನು ಕೈಗವಸು ತೆಗೆಯುತ್ತಿರುವಾಗ ತಗ್ಗಿದ ದನಿಯಲ್ಲಿ ಕೇಳಿದಳು: ‘ಮೇಡಂ, ನೀವು ಓದಿದ್ದು ಇದಕ್ಕೇ, ಸಂಬಳ ಬರುತ್ತೆ, ಅದಕ್ಕೆ ಸಗಣಿ ಮುಟ್ತೀರ. ನಾನು ಓದಿದ್ದು ಬೇರೆ. ಹೆಸರು ಅತ್ತೇದು, ಪಾಸ್‌ಬುಕ್ಕು ಮಾವಂದು. ಇದರಲ್ಲಿ ನನಗೇನಿದೆ?’

ಸುತ್ತಮುತ್ತ ಜನ ಇದ್ದರು. ‘ಗೋಸೇವೆ ಪುಣ್ಯದ ಕೆಲಸ ಕಣಮ್ಮ’ ಎಂದು ಹೇಳಿ ಮುಂದಿನ ಹಸುವಿಗೆ ಹೋಗಬಹುದಿತ್ತು. ಅಂಥ ಮಾತು ಅವಳು ಬೇಕಾದಷ್ಟು ಕೇಳಿರುತ್ತಾಳೆ. ಅವಳ ಪ್ರಶ್ನೆ ನನ್ನ ಜೀಪಿನಲ್ಲೇ ಬಂತು, ಬಹಳ ದಿನ ಜೊತೆಗಿತ್ತು. ಈ ಲೇಖನ ಒಂದು ರೀತಿಯಲ್ಲಿ ಅವಳಿಗೆ ಬರೆದದ್ದು.

ಹಸು ನಿಮ್ಮನ್ನು ಗುರುತಿಸುತ್ತದೆ

ಮೊದಲು ನನ್ನ ವಿದ್ಯೆಗೆ ಸಂಬಂಧಪಟ್ಟದ್ದನ್ನು ಹೇಳುತ್ತೇನೆ. ಕೆಚ್ಚಲಲ್ಲಿ ಹಾಲು ತುಂಬಿರುವುದು ಬೇರೆ, ಹಸು ಹಾಲು ಇಳಿಸುವುದು ಬೇರೆ. ನೀವು ಬಕೆಟ್ ಹಿಡಿದು ಬರುವ ಸದ್ದು, ನಿಮ್ಮ ದನಿ, ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆಯುವ ನಿಮ್ಮ ಕೈ ಇವು ಹಸುವಿನ ಮೆದುಳಿಗೆ ಮುಟ್ಟುತ್ತವೆ. ಆಗ ಮೆದುಳಿನ ಬುಡದ ಒಂದು ಸಣ್ಣ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ರಸ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಸುಮಾರು ಒಂದು ನಿಮಿಷದೊಳಗೆ ಅದು ಕೆಚ್ಚಲಿಗೆ ಬಂದು ಹಾಲಿನ ಚೀಲಗಳನ್ನು ಹಿಂಡುತ್ತದೆ. ಅದರ ಪ್ರಭಾವ ಇರುವುದು ಐದರಿಂದ ಎಂಟು ನಿಮಿಷ. ಅಷ್ಟರಲ್ಲಿ ಕರೆದು ಮುಗಿಸಬೇಕು. ಬೈದರೆ, ಹೊಡೆದರೆ, ನಾಯಿ ನುಗ್ಗಿದರೆ, ಹೊಸಬರು ಬಂದು ನಿಂತರೆ ಹೆದರಿಕೆಯ ರಸ ಏರಿ ಈ ಕೆಲಸವನ್ನು ತಡೆಯುತ್ತದೆ. ನೀವು ‘ಹಾಲು ಏರಿಸ್ಕೊಂಡ್ಬಿಟ್ಳು’ ಅನ್ನುವುದು ಇದನ್ನೇ. ತಾಯಿಯಾದವಳು ಮಗುವಿಗೆ ಹಾಲೂಡುವಾಗ ಅವಳ ಮೈಯಲ್ಲಿ ಕೆಲಸ ಮಾಡುವುದೂ ಇದೇ ರಸ.

ಹಾಗಾಗಿಯೇ ಮನೆಯಾಕೆ ಮಗಳ ಬಾಣಂತನಕ್ಕೆ ಹೋದ ವಾರ ಡೇರಿಯಲ್ಲಿ ಆ ಮನೆಯ ಹಾಲು ಎರಡು ಮೂರು ಲೀಟರ್ ಇಳಿದಿರುತ್ತದೆ. ಹೆಂಡತಿಯ ಹಳೇ ಸೀರೆ ಹೆಗಲಿಗೆ ಹೊದ್ದು, ತಲೆಗೂ ಸೆರಗು ಎಳೆದುಕೊಂಡು ಹಾಲು ಕರೆಯುವ ಗಂಡಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಗಬೇಡಿ, ಒಂದು ಮನೆಯಲ್ಲಿ ಅದು ಕೆಲಸ ಮಾಡಿತು. ಇನ್ನೊಂದು ಮನೆಯಲ್ಲಿ ಹಸು ಸೀರೆಯನ್ನು ಮೂಸಿ ನೋಡಿ ಬಕೆಟ್ ಒದ್ದಿತು. (ಹಾಲಿಳಿಸಲು ಸೂಜಿಮದ್ದು ಚುಚ್ಚುವವರ ಮಾತು ಎಲ್ಲಾದರೂ ಕೇಳಿದರೆ ಒಪ್ಪಬೇಡಿ. ಅದು ಹಸುವಿಗೂ ಒಳ್ಳೆಯದಲ್ಲ, ಮುಂದೆ ಅದಿಲ್ಲದೆ ಹಾಲು ಇಳಿಸದ ಚಟವೂ ಅಂಟಿಕೊಳ್ಳುತ್ತದೆ.)

ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಅಲ್ಲಿನ 516 ಹೈನುಗಾರರನ್ನು ವಿಚಾರಿಸಿ 2009ರಲ್ಲಿ ಒಂದು ವರದಿ ಪ್ರಕಟಿಸಿದ್ದರು. ಹಸುಗಳನ್ನು ಹೆಸರಿಟ್ಟು ಕರೆಯುವ ಕೊಟ್ಟಿಗೆಗಳಲ್ಲಿ ಹಾಲು ಒಂದು ಕರಾವಿಗೆ ಸುಮಾರು 258 ಲೀಟರ್ ಹೆಚ್ಚು ಸಿಕ್ಕಿತ್ತು. ಗೌರಿ ಎಂದು ಕರೆದಾಕ್ಷಣ ಕೆಚ್ಚಲು ಹಿಗ್ಗುತ್ತದೆ ಎಂದು ಇದರ ಅರ್ಥವಲ್ಲ. ಹೆಸರಿಟ್ಟವರು ಮುಖ ನೋಡುತ್ತಾರೆ, ಮುಖ ನೋಡುವವರಿಗೆ ಬದಲಾವಣೆ ತಿಳಿಯುತ್ತದೆ, ನನ್ನ ತಿಳಿವಳಿಕೆ ಇಷ್ಟೇ. ಆ ವರದಿಯನ್ನು ಮಹಿಳಾ ಸಂಘದ ತರಬೇತಿಯೊಂದರಲ್ಲಿ ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು, ‘ಇದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮೂರ್ಗೆ ಬಂದಿದ್ರೆ ನಾವೇ ಹೇಳ್ತಿದ್ದೋ’ ಅಂದರು.

ಅದು ನಿಜ. ಹಸುವಿನ ಕಾಯಿಲೆಯನ್ನು ಮೊದಲು ಪತ್ತೆ ಮಾಡುವವಳು ನಾನಲ್ಲ. ಥರ್ಮಾಮೀಟರ್ ಏರುವ ಮುಂಚೆಯೇ ‘ಯಾಕೋ ಇವತ್ತು ಮಂಕಾಗವ್ಳೆ ಡಾಕ್ಟ್ರಮ್ಮ, ಮೆಲುಕು ಹಾಕ್ತಿಲ್ಲ, ನನ್ನ ಕಂಡ್ರೂ ಕಿವಿ ತಿರುಗುಸ್ತಿಲ್ಲ’ ಎಂದು ಫೋನ್ ಬಂದಿರುತ್ತದೆ. ಕೆಚ್ಚಲು ಬಾವು ನನ್ನ ಪರೀಕ್ಷೆಯ ತಟ್ಟೆಯಲ್ಲಿ ಕಾಣುವ ಮೊದಲು ನಿಮ್ಮ ಬೆರಳಿಗೆ ಮೊಲೆಯ ಬಿಸಿಯಾಗಿ ತಾಕಿರುತ್ತದೆ. ಐದು ವರ್ಷ ಓದಿ ನಾನು ಕಲಿತದ್ದು ರೋಗದ ಹೆಸರುಗಳನ್ನು. ಈ ಹಸು ನಿನ್ನೆ ಹೇಗಿತ್ತು ಎಂಬುದು ನಿಮಗೆ ಮಾತ್ರ ಗೊತ್ತು, ಅದು ಗೊತ್ತಿಲ್ಲದಿದ್ದರೆ ನನ್ನ ಓದು ಅರ್ಧದಷ್ಟೂ ಉಪಯೋಗಕ್ಕೆ ಬರುವುದಿಲ್ಲ.

ಒಂದು ರಾತ್ರಿಯ ಮಾತು

ಮಾಗಿಯ ಚಳಿ. ರಾತ್ರಿ ಒಂದೂವರೆಗೆ ಫೋನ್. ‘ಸಂಜೆ ಕರು ಹಾಕುದ್ಲು. ಈಗ ಮಲಗ್ಬುಟ್ಟವ್ಳೆ, ಏಳ್ತಿಲ್ಲ. ಕಿವಿ ತಣ್ಣಗವೆ. ಕತ್ತು ಪಕ್ಕೆ ಕಡೆ ತಿರುಗುಸ್ಕೊಂಡವ್ಳೆ.’ ಈ ನಾಲ್ಕು ಮಾತಿನಲ್ಲಿ ರೋಗ ತೀರ್ಮಾನವಾಗಿಬಿಟ್ಟಿತ್ತು. ಹಾಲು ಜ್ವರ. ಹೆಸರಷ್ಟೇ ಜ್ವರ, ಮೈ ಬಿಸಿ ಇರುವುದಿಲ್ಲ, ತಣ್ಣಗಾಗುತ್ತದೆ. ಹೆಚ್ಚು ಹಾಲಿನ ಹಸು ಕರು ಹಾಕಿದ ಎರಡು ಮೂರು ದಿನದೊಳಗೆ ರಕ್ತದಲ್ಲಿರುವ ಸುಣ್ಣದಂಶವೆಲ್ಲ ಗಿಣ್ಣು ಹಾಲಿಗೆ ಹರಿದು, ಮಾಂಸಖಂಡಗಳು ಸೋತು ಬೀಳುತ್ತದೆ. ತಡವಾದರೆ ಹೃದಯವೂ ಸೋಲುತ್ತದೆ. ‘ಅಡ್ಡಡ್ಡ ಮಲಗೋಕೆ ಬಿಡಬೇಡಿ, ಎದೆ ಮೇಲೆ ಕೂರಿಸಿ, ಪಕ್ಕಕ್ಕೆ ಮೂಟೆ ಒರಗಿಸಿ, ಬಾಯಿಗೆ ಏನೂ ಹೊಯ್ಯಬೇಡಿ’ ಎಂದು ಹೇಳಿ ಹೊರಟೆ. ಹದಿನೆಂಟು ಕಿಲೋಮೀಟರ್.

ನಾನು ಹೋಗುವಷ್ಟರಲ್ಲಿ ಆ ಕೊಟ್ಟಿಗೆಯಲ್ಲಿ ಆರು ಜನ ಹೆಂಗಸರಿದ್ದರು. ಒಬ್ಬರು ತಮ್ಮ ಮನೆಯ ಬೂಸಾ ಮೂಟೆ ಹೊತ್ತು ತಂದು ಹಸುವಿಗೆ ಒತ್ತು ಕೊಟ್ಟಿದ್ದರು. ಒಬ್ಬರು ಗೋಣಿಚೀಲ ಹೊದಿಸಿ ಬೆನ್ನು ತಿಕ್ಕುತ್ತಿದ್ದರು. ಒಬ್ಬಳು ಹುಡುಗಿ ಮೊಬೈಲ್ ಬೆಳಕು ಹಿಡಿದು ನಿಂತಿದ್ದಳು. ಹಸುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಾಕೆ ಮನೆಯವರಲ್ಲ, ವಾರಗಿತ್ತಿ. ಎರಡು ಮನೆಗೂ ಜಮೀನಿನ ಪಾಲಿನ ವಿಷಯದಲ್ಲಿ ಮಾತು ಬಿಟ್ಟು ಮೂರು ವರ್ಷವಾಗಿತ್ತಂತೆ. ಇದು ನನಗೆ ಆಮೇಲೆ ತಿಳಿಯಿತು. ಆಗ ನನಗೆ ಕಂಡದ್ದು ಕತ್ತಿನ ನರವೊಂದೇ.

ಕ್ಯಾಲ್ಸಿಯಂ ಬಾಟಲಿಯನ್ನು ಅವಸರದಲ್ಲಿ ಹರಿಸುವಂತಿಲ್ಲ, ಹೃದಯ ನಿಂತುಹೋದೀತು. ಹನಿಹನಿಯಾಗಿ ಹೋಗಬೇಕು, ನಾನು ಹೃದಯದ ಬಡಿತ ಕೇಳುತ್ತಲೇ ಇರಬೇಕು. ಬಾಟಲಿಯನ್ನು ಎತ್ತಿ ಹಿಡಿದವರ ಕೈ ಸೋತಾಗ ಇನ್ನೊಬ್ಬರು ಹಿಡಿದರು. ಯಾರೂ ಯಾರಿಗೂ ಹೇಳಲಿಲ್ಲ, ಕೈ ಬದಲಾಗುತ್ತಾ ಹೋಯಿತು. ಅರ್ಧ ಬಾಟಲಿಗೆ ಹಸುವಿನ ತೊಡೆ ಸಣ್ಣಗೆ ನಡುಗತೊಡಗಿತು. ಆಮೇಲೆ ಒಂದು ತೇಗು. ಆಮೇಲೆ ಸಗಣಿ ಹಾಕಿತು. ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು, ಆದರೆ ಆ ಸಗಣಿ ಕಂಡು ಆರು ಜನ ಹೆಂಗಸರೂ ನಾನೂ ಒಟ್ಟಿಗೆ ಉಸಿರು ಬಿಟ್ಟೆವು. ನಾಲ್ಕು ಗಂಟೆಯ ಹೊತ್ತಿಗೆ ಮುಂಗಾಲು ಊರಿ, ಒಮ್ಮೆ ಜಾರಿ, ಮತ್ತೆ ಎದ್ದು ನಿಂತಿತು. ಮೊದಲು ಮಾಡಿದ ಕೆಲಸ ಕರುವನ್ನು ನೆಕ್ಕಿದ್ದು.

ವಾರಗಿತ್ತಿಯರು ಮರುದಿನದಿಂದ ಮಾತಾಡಿದರೇ ಎಂದು ನೀವು ಕೇಳಬಹುದು. ಇಲ್ಲ. ಪಾಲಿನ ವ್ಯಾಜ್ಯ ಇನ್ನೂ ಇದೆ. ಆದರೆ ಆ ರಾತ್ರಿ ಕರೆಯದೇ ಬಂದಿದ್ದರು, ತಲೆ ತೊಡೆಯ ಮೇಲಿತ್ತು. ಆರು ತಿಂಗಳ ನಂತರ ಆ ಮನೆಯ ಹಸುವಿಗೆ ಹೊಟ್ಟೆ ಉಬ್ಬರವಾದಾಗ ನನಗೆ ಫೋನ್ ಮಾಡಿದ್ದು ಈ ಮನೆಯ ಅಕ್ಕ.

ಒಂದೇ ಕ್ಯಾನು

ನೀವು ಬೆಳಿಗ್ಗೆ ಡೇರಿಗೆ ಹಾಕಿದ ಹಾಲು ಎಲ್ಲಿ ಹೋಗುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಪರೀಕ್ಷೆ ಮುಗಿದು ಸುರಿದ ಕ್ಷಣದಿಂದ ಅದು ‘ನಿಮ್ಮ’ ಹಾಲಲ್ಲ. ಮೇಲುಕೇರಿಯದೂ, ಕೆಳಗಿನ ಕೇರಿಯದೂ, ಐದು ಎಕರೆಯವರದೂ, ಕೂಲಿಯವರದೂ ಎಲ್ಲ ಸೇರಿ 4 ಡಿಗ್ರಿಗೆ ತಣ್ಣಗಾಗುತ್ತದೆ. ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ತ್ರಿಭುವನದಾಸ್ ಪಟೇಲರ ಮುಂದಾಳತ್ವದಲ್ಲಿ ರೈತರು ಸಂಘ ಕಟ್ಟಿದಾಗಿನಿಂದ ಇದೇ ಪದ್ಧತಿ. ಬಂದವರು ಬಂದ ಸರದಿಯಲ್ಲಿ ನಿಲ್ಲಬೇಕು, ಒಂದು ಲೀಟರಿನವರಿಗೂ ಇಪ್ಪತ್ತು ಲೀಟರಿನವರಿಗೂ ಒಂದೇ ಓಟು. ಸಾಲು ಮುಗಿದ ಮೇಲೂ ಎಲ್ಲರೂ ಎಲ್ಲರ ಮನೆಯೊಳಗೆ ಹೋಗುತ್ತಾರೆ ಎಂದು ನಾನು ಬರೆದರೆ ಅದು ಸುಳ್ಳಾಗುತ್ತದೆ, ನಿಮಗೂ ಗೊತ್ತು. ಆದರೂ ದಿನಕ್ಕೆ ಎರಡು ಸಲ ಸಾಲಿನಲ್ಲಿ ನಿಲ್ಲುವುದು ಸಣ್ಣ ಮಾತಲ್ಲ. ಊರಿನ ಬೇರೆ ಯಾವ ಸಾಲು ಹಾಗೆ ನಿಲ್ಲುತ್ತದೆ, ನೋಡಿ.

ಆ ಗುಜರಾತಿನ ಹಾಲು ಉತ್ಪಾದಕರೇ ಒಮ್ಮೆ ಸಿನಿಮಾ ಮಾಡಿದ್ದರು ಎಂದರೆ ನಂಬುತ್ತೀರಾ? ಐದು ಲಕ್ಷ ರೈತರು ತಲಾ 2 ರೂಪಾಯಿ ಹಾಕಿದರು. ಹತ್ತು ಲಕ್ಷವಾಯಿತು. 1976ರಲ್ಲಿ ‘ಮಂಥನ್’ ತಯಾರಾಯಿತು, ಶ್ಯಾಮ್ ಬೆನೆಗಲ್ ನಿರ್ದೇಶನ. ಊರಿಗೆ ಬಂದು ಹಾಲಿನ ಸಂಘ ಕಟ್ಟಲು ಹೆಣಗುವ ಪಶುವೈದ್ಯ ಡಾ. ರಾವ್ ಪಾತ್ರ ಮಾಡಿದವರು ನಮ್ಮ ಗಿರೀಶ್ ಕಾರ್ನಾಡರು. ಅವರ ಎದುರು ಹಾಲು ಮಾರುವ ದಿಟ್ಟ ಹೆಣ್ಣುಮಗಳಾಗಿ ಸ್ಮಿತಾ ಪಾಟೀಲ್. ನಮ್ಮ ವೃತ್ತಿಯವರನ್ನು ನಾಯಕನಾಗಿ ತೋರಿಸಿದ ಚಿತ್ರಗಳು ಅಪರೂಪ, ಅದಕ್ಕೇ ನನಗೆ ಸ್ವಲ್ಪ ಹೆಚ್ಚು ಪ್ರೀತಿ. 2024ರಲ್ಲಿ ಹಳೇ ರೀಲನ್ನು ಸರಿಪಡಿಸಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಮತ್ತೆ ತೋರಿಸಿದರು. ಎರಡೆರಡು ರೂಪಾಯಿ ಅಷ್ಟು ದೂರ ಹೋಯಿತು.

ನಿಮ್ಮ ಹಾಲು ಹೋಗುವ ಹತ್ತಿರದ ಜಾಗವೊಂದಿದೆ. 2013ರ ಆಗಸ್ಟ್‌ನಲ್ಲಿ ನಮ್ಮ ರಾಜ್ಯದಲ್ಲಿ ಕ್ಷೀರಭಾಗ್ಯ ಆರಂಭವಾಯಿತು. ನೀವೆಲ್ಲ ಹಾಕಿದ ಹಾಲು ಪುಡಿಯಾಗಿ, 18 ಗ್ರಾಂ ಪುಡಿಗೆ ನೀರು ಬೆರೆತು 150 ಮಿ.ಲೀ. ಬಿಸಿ ಹಾಲಾಗಿ ಶಾಲೆ, ಅಂಗನವಾಡಿಗೆ ಬರುತ್ತದೆ. ಲೋಟದ ಲೆಕ್ಕದಲ್ಲಿ ಹೇಳುವುದಾದರೆ 10 ಲೀಟರ್ ಹಾಕುವ ಅಕ್ಕ ದಿನಕ್ಕೆ 66 ಲೋಟ ಹಾಕುತ್ತಾರೆ. ಒಂದು ಶಾಲೆಯಲ್ಲಿ ಲಸಿಕೆ ತಿಳಿವಳಿಕೆ ಕೊಡಲು ಹೋಗಿದ್ದಾಗ, ‘ಈ ಹಾಲು ಯಾರದು?’ ಎಂದು ಮಕ್ಕಳನ್ನು ಕೇಳಿದೆ. ‘ನಂದಿನೀದು’ ಎಂದು ಎಲ್ಲರೂ ಕೂಗಿದರು. ಒಬ್ಬ ಸಣ್ಣ ಹುಡುಗ ಮಾತ್ರ ಎದ್ದು ನಿಂತು, ‘ನಮ್ಮವ್ವಂದು’ ಅಂದ. ಮಿಕ್ಕವರು ನಕ್ಕರು. ನನಗೆ ಅವನ ಉತ್ತರವೇ ಸರಿ ಅನ್ನಿಸಿತು.

ಒಂದೇ ಕ್ಯಾನು ಎಂದ ಮೇಲೆ ಅದಕ್ಕೊಂದು ಇನ್ನೊಂದು ಮುಖವೂ ಇದೆ. ಒಬ್ಬರ ಹುಳಿ ಹಾಲು ಊರಿನ ಎಲ್ಲರ ಹಾಲನ್ನೂ ಒಡೆಸುತ್ತದೆ. ಕೆಚ್ಚಲು ಬಾವಿಗೆ ಔಷಧಿ ಕೊಟ್ಟ ಹಸುವಿನ ಹಾಲು, ನಾನು ಚೀಟಿಯಲ್ಲಿ ಬರೆದಷ್ಟು ದಿನ ಡೇರಿಗೆ ಬರಬಾರದು. ಹಿಂಡಿಯ ಬೆಲೆ ಈಗ ಎಷ್ಟಿದೆ ಎಂದು ನನಗೆ ಗೊತ್ತಿದೆ, ನಾಲ್ಕು ದಿನದ ಹಾಲು ಚೆಲ್ಲುವುದೆಂದರೆ ಏನು ಎಂಬುದೂ ಗೊತ್ತು. ಒಂದು ಮನೆಯಲ್ಲಿ ನಾನಿರುವಾಗಲೇ ಗಂಡ, ‘ಬೇರೆ ಹಸೀನ ಹಾಲ್ಗೆ ಸೇರ್ಸು, ಯಾರ್ಗ್ ಗೊತ್ತಾಯ್ತದೆ?’ ಅಂದರು. ಅಕ್ಕ ಏನೂ ಹೇಳಲಿಲ್ಲ. ಬಕೆಟ್ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದರು. ಬಂದವರು ನನ್ನ ಕಡೆ ತಿರುಗಿ, ‘ನನ್ನ ಮೊಮ್ಮಗೀನೂ ಪೇಟೇಲಿ ಪ್ಯಾಕೆಟ್ ಹಾಲೇ ಕುಡಿಯೋದು’ ಅಂದರು. ಆ ದಿನ ಆ ಮನೆಯವರಿಗೆ ಇನ್ನೂರೋ ಮುನ್ನೂರೋ ರೂಪಾಯಿ ನಷ್ಟವಾಯಿತು. ಆ ನಷ್ಟ ಯಾವ ದಾಖಲೆಯಲ್ಲೂ ಇಲ್ಲ.

ತೃಪ್ತಿಯನ್ನು ಬೆಲೆಗೆ ಬದಲಿಯಾಗಿ ಕೊಡಬೇಡಿ

ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕೆಲಸದಲ್ಲಿ ಅರ್ಥವಿದೆ, ಬಾಂಧವ್ಯವಿದೆ ಎಂದು ಹೇಳುವವರು ಹಲವು ಸಲ ಆ ಕೆಲಸವನ್ನು ತಾವು ಮಾಡದವರು. ಹಸುವಿನ ಮೇಲಿನ ಪ್ರೀತಿಯ ಹೆಸರಿನಲ್ಲಿ ಒಬ್ಬಳೇ ಹೆಂಗಸು ನಾಲ್ಕು ಹಸುವಿನ ಸಗಣಿ ಬಾಚಬೇಕಾಗಿಲ್ಲ. ಹಾಲಿಗೆ ನ್ಯಾಯವಾದ ದರ ಬೇಕು, ಸಮಯಕ್ಕೆ ಬಟವಾಡೆ ಬೇಕು, ಅದು ದುಡಿದವರ ಕೈಗೇ ಬರಬೇಕು. ಸಂಘದ ಷೇರು ಯಾರ ಹೆಸರಿನಲ್ಲಿದೆ, ಬಟವಾಡೆ ಯಾವ ಖಾತೆಗೆ ಬೀಳುತ್ತದೆ, ಒಮ್ಮೆ ನೋಡಿ. ಹಾಲು ನಿಮ್ಮದು, ಸಹಿ ಇನ್ನೊಬ್ಬರದು ಆಗಿದ್ದರೆ ವಾರ್ಷಿಕ ಮಹಾಸಭೆಯಲ್ಲಿ ನಿಮಗೆ ಮಾತಿಲ್ಲ. ಸದಸ್ಯತ್ವದ ಅರ್ಜಿ ಕಾರ್ಯದರ್ಶಿಯವರ ಹತ್ತಿರ ಇರುತ್ತದೆ, ಕೇಳಿ ಪಡೆಯಿರಿ.

ಮೈ ಕೂಡ ನಿಮ್ಮದೇ. ಹೆಬ್ಬೆರಳು ಮಡಚಿ ಕರೆಯುವವರಿಗೆ ಕೆಲವು ವರ್ಷದಲ್ಲಿ ಬೆರಳಿನ ಗೆಣ್ಣು ಹಿಡಿದುಕೊಳ್ಳುತ್ತದೆ, ಹಸುವಿನ ಮೊಲೆಗೂ ಗಾಯ. ಮುಷ್ಟಿಯಲ್ಲಿ ಹಿಡಿದು ಕರೆಯುವುದನ್ನು ರೂಢಿಸಿಕೊಳ್ಳಿ. ಕುಕ್ಕರಗಾಲಿನ ಬದಲು ಒಂದು ಗಿಡ್ಡ ಮಣೆ ಇಟ್ಟುಕೊಳ್ಳಿ. ಗಬ್ಬ ಬಿದ್ದುಹೋದ ಹಸುವಿನ ಕಸವನ್ನು, ಮಾಸನ್ನು ಬರಿಗೈಯಲ್ಲಿ ಮುಟ್ಟಲೇಬೇಡಿ. ಬ್ರುಸೆಲ್ಲಾ ರೋಗ ಮನುಷ್ಯರಿಗೂ ಬರುತ್ತದೆ, ಬಸುರಿಯರು ಹತ್ತಿರವೂ ಹೋಗಬಾರದು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ಒಳಗೆ ಒಂದು ಸಲ ಹಾಕುವ ಲಸಿಕೆ ಇದನ್ನು ತಡೆಯಲೆಂದೇ ಇದೆ. ಕರೆಯುವ ಯಂತ್ರ ತಂದ ಮನೆಗಳಲ್ಲಿ ‘ಹಸೂಗೂ ನಮಗೂ ನಂಟೇ ಹೋಯ್ತದೆ’ ಎಂದು ಹಿರಿಯರು ಗೊಣಗುವುದನ್ನು ಕೇಳಿದ್ದೇನೆ. ನಾನು ಕಂಡಂತೆ ನಂಟು ಹೋಗಿಲ್ಲ, ಸೊಂಟ ನೋವು ಕಡಿಮೆಯಾಗಿದೆ.

ಹಸುವಿನ ಜೊತೆಗಿನ ನಂಟಿಗೆ ದುಃಖವೂ ಸೇರಿದೆ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ನಾವು ಬೆಳಗಿನಿಂದ ರಾತ್ರಿಯವರೆಗೆ ಲಸಿಕೆ ಹಾಕಿದರೂ ಕೈ ತಪ್ಪಿದ ಹಸುಗಳಿದ್ದವು. ಒಂದು ಮನೆಯಲ್ಲಿ ಎರಡನೇ ಕರುವಿನ ಹಸು ಹೋಯಿತು. ಹಿತ್ತಲಲ್ಲಿ ಗುಂಡಿ ತೋಡಿ, ಸುಣ್ಣ ಉಪ್ಪು ಹಾಕಿ ಹೂಳುವಾಗ ಆ ಅಕ್ಕ ಅಳಲಿಲ್ಲ. ಆದರೆ ಮರುದಿನದಿಂದ ಡೇರಿಯ ಕಡೆ ಬರಲಿಲ್ಲ. ಬರಲು ಕಾರಣವೇ ಇರಲಿಲ್ಲವಲ್ಲ. ಒಂಬತ್ತನೆಯ ದಿನ ಸಂಜೆ ಹಾಲು ಹಾಕಿದ ಹೆಂಗಸರು ಕ್ಯಾನು ಹಿಡಿದುಕೊಂಡೇ ಅವರ ಮನೆಗೆ ಹೋದರಂತೆ. ಯಾರೂ ಹಸುವಿನ ಮಾತೆತ್ತಲಿಲ್ಲ. ಅವರೆಕಾಯಿ ಸುಲಿಯುತ್ತಾ ಕೂತು, ಕತ್ತಲಾದ ಮೇಲೆ ಎದ್ದು ಬಂದರು. ಇನ್ನೊಂದು ಹಸು ಬರುವವರೆಗೂ ಆ ಮನೆಯ ಮಕ್ಕಳಿಗೆ ಪಾಳಿಯ ಮೇಲೆ ಅರ್ಧ ಲೀಟರ್ ಹಾಲು ಹೋಗುತ್ತಿತ್ತು. ಪಾಳಿ ಯಾರು ಮಾಡಿದರು ಎಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ.

ಬಿ.ಕಾಂ. ಹುಡುಗಿಯ ವಿಷಯಕ್ಕೆ ಬರುತ್ತೇನೆ. ಶಿಬಿರವಾಗಿ ಎರಡು ತಿಂಗಳಿಗೆ ಅವಳ ಹಸುವಿನ ಗಬ್ಬ ಪರೀಕ್ಷೆಗೆ ಹೋದೆ. ಸೂಜಿ ಹಾಕಿಸಿದ ದಿನಾಂಕ ಕೇಳಿದರೆ ಅತ್ತೆ, ‘ಗೌರಿ ಹಬ್ಬದ ಮುಂಚೆ’ ಅಂದರು. ಹುಡುಗಿ ಒಳಗಿನಿಂದ ಒಂದು ನೋಟ್‌ಬುಕ್ ತಂದಳು. ಬೆದೆಗೆ ಬಂದ ದಿನ, ಹೊತ್ತು, ಸೂಜಿ ಹಾಕಿಸಿದ ದಿನ, ಹೋರಿಯ ನಂಬರು, ಜಂತುಹುಳದ ಔಷಧಿ, ಖನಿಜ ಮಿಶ್ರಣದ ಖರ್ಚು, ದಿನದ ಹಾಲು, ಫ್ಯಾಟು. ಗೆರೆ ಎಳೆದು, ತಿಂಗಳ ಕೊನೆಗೆ ಲಾಭ ನಷ್ಟ ತೆಗೆದಿದ್ದಳು. ಲೆಕ್ಕದ ಪ್ರಕಾರ ಮೂರು ಹಸುಗಳಲ್ಲಿ ಒಂದು ಎಂಟು ತಿಂಗಳಿಂದ ತಿಂದದ್ದಕ್ಕಿಂತ ಕಡಿಮೆ ಕೊಟ್ಟಿತ್ತು. ಮಾವ ನಂಬಲಿಲ್ಲ, ಕೂಡಿಸಿ ನೋಡಿದರು, ಸುಮ್ಮನಾದರು. ‘ಸುಮ್ನೆ ಕೂರಕ್ಕಾಗಲಿಲ್ಲ ಮೇಡಂ, ಕಲಿತಿದ್ದು ಇದೊಂದೇ’ ಅಂದಳು.

ಈಗ ಆ ಬೀದಿಯ ಹನ್ನೊಂದು ಮನೆಗಳ ಹಸುಗಳು ಅವಳ ನೋಟ್‌ಬುಕ್ಕಿನಲ್ಲಿವೆ. ಸಂಜೆ ಹಾಲು ಹಾಕಿ ಬರುವಾಗ ಹೆಂಗಸರು ಅವಳ ಜಗಲಿಯಲ್ಲಿ ಐದು ನಿಮಿಷ ನಿಂತು, ‘ನಮ್ಮ ಕೆಂಪಿ ಬೆಳಿಗ್ಗೆಯಿಂದ ಕೂಗ್ತವ್ಳೆ, ಬರ್ಕೊ’ ಅನ್ನುತ್ತಾರೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಎಂಬುದನ್ನು ಈಗ ಅವಳೇ ಹೇಳುತ್ತಾಳೆ. ಆ ಬೀದಿಯಲ್ಲಿ ನನಗೆ ಕೆಲಸ ಕಡಿಮೆಯಾಗಿದೆ. ಅತ್ತೆಯೇ ಮುಂದೆ ನಿಂತು ಸೊಸೆಗೆ ಸಂಘದ ಷೇರು ಕೊಡಿಸಿದರು. ಇದಕ್ಕೆ ನಾನೇನೂ ಮಾಡಿಲ್ಲ, ಅವಳ ಪ್ರಶ್ನೆಗೆ ನಾನು ಕೊಡಬೇಕೆಂದಿದ್ದ ಉತ್ತರ ಇನ್ನೂ ನನ್ನ ಬಳಿಯೇ ಇದೆ. ಪೇಟೆಯಲ್ಲಿ ಕೆಲಸ ಸಿಕ್ಕರೆ ಹೋಗುತ್ತೀಯಾ ಎಂದು ಕೇಳಿದ್ದಕ್ಕೆ, ‘ಹೋಗ್ತೀನಿ ಮೇಡಂ, ಆದ್ರೆ ಈ ಬುಕ್ಕನ್ನ ಯಾರಿಗ್ ಕೊಡೋದು ಅಂತ ಯೋಚ್ನೆ’ ಅಂದಳು.

ನನ್ನ ಶಿಬಿರದ ಗಡಿಯಲ್ಲಿ ಇನ್ನೊಂದು ಊರಿದೆ. ಅಲ್ಲಿಯ ಒಬ್ಬ ಅಜ್ಜಿಗೆ ಎಪ್ಪತ್ತೈದು ದಾಟಿದೆ. ಹೋದ ಯುಗಾದಿಗೆ ಕೊನೆಯ ಹಸುವನ್ನೂ ಮಾರಿದರು, ಕೈಲಾಗುವುದಿಲ್ಲ. ಆದರೂ ದಿನಾ ಬೆಳಿಗ್ಗೆ ಆರಕ್ಕೆ ಡೇರಿಯ ಜಗಲಿಗೆ ಬಂದು ಕೂರುತ್ತಾರೆ, ಕೈಯಲ್ಲಿ ಕ್ಯಾನಿಲ್ಲ, ಎಲೆಅಡಿಕೆ ಚೀಲವಿದೆ. ಹಾಲು ಹಾಕಿದವರೆಲ್ಲ ಅವರ ಮುಂದೆ ನಿಂತು ಎರಡು ಮಾತಾಡಿಯೇ ಹೋಗುತ್ತಾರೆ. ಊರಿನ ಗಬ್ಬದ ಹಸುಗಳ ದಿನಗಳೆಲ್ಲ ಅಜ್ಜಿಯ ಬಾಯಲ್ಲೇ, ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕದಲ್ಲಿ. ಹೋದ ತಿಂಗಳು ಕಾರ್ಯದರ್ಶಿಯವರ ಫೋನಿನಿಂದ ನನಗೆ ಮಾಡಿದ್ದರು: ‘ಡಾಕ್ಟ್ರಮ್ಮ, ಕೊನೇ ಮನೆ ಹಸ ನಾಳೆ ನಾಡಿದ್ದು ಹಾಕ್ತದೆ. ಬಾಲದ ಬುಡ ಸಡ್ಲ ಆಗದೆ. ಹೋದ್ಸಲ ಬಿದ್ದಿದ್ಲು. ಆ ಬಾಟ್ಲಿ ಮಡೀಕೊಂಡಿರು.’ ಬಾಟಲಿ ಜೀಪಿನಲ್ಲಿ ಇಟ್ಟುಕೊಂಡೆ. ಎರಡನೇ ದಿನ ಬೆಳಗಿನ ಜಾವ ಹೆಣ್ಣು ಕರು ಹಾಕಿತು. ಬಾಟಲಿ ಬೇಕಾಗಲಿಲ್ಲ.